ಸೋಲಿನ ವರ್ಷಗಳು ಮುಗಿದು ಕ್ಲಬ್ ಗೆಲ್ಲೋಕೆ ಶುರುಮಾಡಿದೆ: ಈ ಗೆಲುವು ನಿಲ್ಲುತ್ತಾ ಅಂತ ನೋಡೋದು ಹೇಗೆ?

ಎಡಬದಿ ವಿಂಗರ್

ಇಂಗ್ಲೆಂಡಿನ ಕೆಳ ಲೀಗುಗಳಲ್ಲಿ ವರ್ಷಗಟ್ಟಲೆ ಒದ್ದಾಡಿದ ಫುಟ್‌ಬಾಲ್ ಕ್ಲಬ್ ಒಂದು ನಾಲ್ಕೇ ಸೀಸನ್ನಿನಲ್ಲಿ ಎರಡು ಸಲ ಮೇಲಿನ ಲೀಗಿಗೆ ಬಡ್ತಿ ಪಡೆದಿದೆ ಅಂದುಕೊಳ್ಳಿ. ಸೀಸನ್ ಟಿಕೆಟ್ ಖಾಲಿ, ಅಭಿಮಾನಿ ಟ್ರಸ್ಟಿನ (ಅಭಿಮಾನಿಗಳೇ ಸೇರಿ ಕಟ್ಟಿದ ಸಂಘ) ಸದಸ್ಯತ್ವ ಏರ್ತಾ ಇದೆ, ಮಾಲೀಕರ ಬಾಯಲ್ಲಿ ಅಲ್ಲಿನ ಅತಿ ಮೇಲಿನ ಹಂತವಾದ ಪ್ರೀಮಿಯರ್ ಲೀಗಿನ ಮಾತು. ನನ್ನ ಪ್ರಶ್ನೆ ಎರಡು. ಈ ಏಳಿಗೆ ಗಟ್ಟಿಯೋ ಟೊಳ್ಳೋ ಅಂತ ಹೊರಗಿನಿಂದ ನೋಡುವ ಅಭಿಮಾನಿ ಹೇಗೆ ಪತ್ತೆ ಹಚ್ಚಬಹುದು? ಮತ್ತೆ, ಎಲ್ಲರೂ ಖುಷಿಯಾಗಿರುವ ಈ ಹೊತ್ತಲ್ಲಿ ಟ್ರಸ್ಟ್ ಕ್ಲಬ್ಬಿನಿಂದ ಏನೇನು ಬರೆಸಿಕೊಳ್ಳಬೇಕು? ಪಾಯಿಂಟ್ ಪಟ್ಟಿ ಓದೋಕೆ ಎಲ್ಲರಿಗೂ ಬರುತ್ತೆ, ಅದರ ಹಿಂದಿನದು ಬೇಕು.

ಲೆಕ್ಕಿಗ

ಮೊದಲು ಲೆಕ್ಕಪತ್ರ ತೆಗೆಯಿರಿ. ಬ್ರಿಟನ್ನಿನ ಕಂಪನಿ ನೋಂದಣಿ ಕಚೇರಿಯಾದ ಕಂಪನೀಸ್ ಹೌಸ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಕ್ಲಬ್ಬಿನ ಹೆಸರೊಂದನ್ನೇ ಹುಡುಕಿದರೆ ಸಾಲದು, ಅದರ ಷೇರುಗಳನ್ನು ಹಿಡಿದಿರುವ ಮೇಲಿನ ಕಂಪನಿಯನ್ನೂ ಹುಡುಕಿ. ಸಾಲ ಬಹಳ ಸಲ ಅಲ್ಲಿ ಕೂತಿರುತ್ತದೆ. ಖಾಸಗಿ ಕಂಪನಿಗೆ ಲೆಕ್ಕ ಸಲ್ಲಿಸಲು ಆರ್ಥಿಕ ವರ್ಷ ಮುಗಿದ ಮೇಲೆ ಒಂಬತ್ತು ತಿಂಗಳ ಗಡುವು. ಜೂನ್ 30ಕ್ಕೆ ವರ್ಷ ಮುಗಿಸುವ ಕ್ಲಬ್ ಮುಂದಿನ ಮಾರ್ಚ್ 31ರೊಳಗೆ ಸಲ್ಲಿಸಬೇಕು. ಹಾಗಾಗಿ ನಿಮ್ಮ ಕೈಗೆ ಬರುವ ಚಿತ್ರ ಯಾವಾಗಲೂ ಒಂದು ಸೀಸನ್ ಹಳೆಯದು. ಗಡುವು ದಾಟಿದರೂ ಲೆಕ್ಕ ಬಾರದಿದ್ದರೆ ಅದೇ ಮೊದಲ ಅಪಾಯದ ಸೂಚನೆ. ಕೆಳ ಲೀಗಿನ ಕೆಲವು ಕ್ಲಬ್ಬುಗಳು ಸಣ್ಣ ಕಂಪನಿಗಳ ವಿನಾಯಿತಿ ಬಳಸಿ ಲಾಭ-ನಷ್ಟದ ಪುಟವನ್ನೇ ಕೊಡುವುದಿಲ್ಲ. ಆಗ ಪೂರ್ಣ ಲೆಕ್ಕ ಕೊಡಿ ಎಂದು ಟ್ರಸ್ಟ್ ಲಿಖಿತವಾಗಿ ಕೇಳಬೇಕು.

ಲೆಕ್ಕ ಸಿಕ್ಕ ಮೇಲೆ ಸಿಬ್ಬಂದಿ ವೆಚ್ಚವನ್ನು ಒಟ್ಟು ವರಮಾನದಿಂದ ಭಾಗಿಸಿ. ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಯುಇಎಫ್‌ಎ ತನ್ನ ಟೂರ್ನಿಗಳಲ್ಲಿ ಆಡುವ ಕ್ಲಬ್ಬುಗಳಿಗೆ ಆಟಗಾರರ ಹಾಗೂ ಕೋಚ್ ಸಂಬಳ, ಖರೀದಿ ವೆಚ್ಚದ ವಾರ್ಷಿಕ ಕಂತು, ಏಜೆಂಟರ ಕಮಿಷನ್ ಎಲ್ಲ ಸೇರಿ ವರಮಾನದ 70% ಮಿತಿ ಇಟ್ಟಿದೆ. ಇಂಗ್ಲೆಂಡಿನ ಎರಡನೇ ಹಂತದ ಲೀಗಾದ ಚಾಂಪಿಯನ್‌ಶಿಪ್‌ನಲ್ಲಿ ಸಂಬಳವೊಂದೇ 100% ದಾಟಿದ ಕ್ಲಬ್ಬುಗಳು ಅಪರೂಪವಲ್ಲ. ಬಡ್ತಿ ಸಿಕ್ಕ ವರ್ಷದಲ್ಲಿ ಬೋನಸ್ ಸೇರಿ ಈ ಅಂಕಿ ಉಬ್ಬಿರುತ್ತದೆ, ಆದ್ದರಿಂದ ಒಂದೇ ವರ್ಷ ನೋಡಿ ತೀರ್ಪು ಕೊಡಬೇಡಿ, ಮೂರು ವರ್ಷ ಸಾಲಾಗಿ ಇಟ್ಟು ನೋಡಿ. ವರಮಾನ ಏರಿದ್ದಕ್ಕಿಂತ ಸಂಬಳ ಬೇಗ ಏರುತ್ತಿದೆಯೇ ಎಂಬುದೇ ಪ್ರಶ್ನೆ. 2016ರಲ್ಲಿ ಲೀಗ್, 2021ರಲ್ಲಿ ಎಫ್‌ಎ ಕಪ್ ಗೆದ್ದ ಲೆಸ್ಟರ್ ಸಿಟಿ 2023ರಲ್ಲಿ ಕೆಳಗಿಳಿದ ಸೀಸನ್ನಿನಲ್ಲಿ ಸಂಬಳದ ಖರ್ಚು ವರಮಾನವನ್ನೇ ಮೀರಿತ್ತು. ಯುರೋಪಿಯನ್ ಟೂರ್ನಿಯ ದುಡ್ಡು ಬಂದೇ ಬರುತ್ತದೆ ಎಂದು ಕಟ್ಟಿದ ತಂಡ, ಆ ದುಡ್ಡು ಬರದ ವರ್ಷ ಕುಸಿಯಿತು.

ಆಟಗಾರರ ಮಾರಾಟದ ಲಾಭ ಓದುವಾಗ ಎಚ್ಚರ. 2 ಕೋಟಿ ಪೌಂಡಿಗೆ ಐದು ವರ್ಷದ ಕರಾರಿನಲ್ಲಿ ಕೊಂಡ ಆಟಗಾರನ ವೆಚ್ಚ ಪುಸ್ತಕದಲ್ಲಿ ವರ್ಷಕ್ಕೆ 40 ಲಕ್ಷದಂತೆ ಬೀಳುತ್ತದೆ. ಎರಡು ವರ್ಷದ ನಂತರ ಅವನ ಪುಸ್ತಕ ಬೆಲೆ 1.2 ಕೋಟಿ. 3 ಕೋಟಿಗೆ ಮಾರಿದರೆ ಲಾಭ 1.8 ಕೋಟಿ. ಅಕಾಡೆಮಿಯ ಹುಡುಗನನ್ನು ಅಷ್ಟಕ್ಕೇ ಮಾರಿದರೆ ಪೂರ್ತಿ 3 ಕೋಟಿಯೂ ಲಾಭ. ತವರಿನ ಹುಡುಗರನ್ನೇ ಮೊದಲು ಮಾರುವುದಕ್ಕೆ ಕಾರಣ ಇದು. ಆರ್ಥಿಕ ವರ್ಷದ ಕೊನೆಯ ವಾರದಲ್ಲಿ ಇಂಥ ಮಾರಾಟಗಳು ಗುಂಪಾಗಿ ಕಂಡರೆ, ಲೀಗ್ ಹಾಕಿದ ನಷ್ಟದ ಮಿತಿ ಮೀರದಿರಲು ಹೆಣಗುತ್ತಿದ್ದಾರೆ ಎಂದು ಓದಿಕೊಳ್ಳಿ. 2023-24ರಲ್ಲಿ ಎವರ್ಟನ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ಪಾಯಿಂಟ್ ಕಳೆದುಕೊಂಡದ್ದು ಆ ಮಿತಿ ಮೀರಿದ್ದಕ್ಕೆ.

ಕೊನೆಗೆ ಅದೇ ಜಾಲತಾಣದ ಅಡಮಾನಗಳ ಪುಟ ತೆರೆಯಿರಿ. ಕ್ರೀಡಾಂಗಣ, ಮುಂದಿನ ಟಿವಿ ಹಣ, ಆಟಗಾರರ ಮಾರಾಟದಿಂದ ಬರಬೇಕಾದ ಕಂತುಗಳು, ಯಾವುದರ ಮೇಲೆ ಯಾರು ಸಾಲ ಕೊಟ್ಟಿದ್ದಾರೆ ಎಂಬುದು ಅಲ್ಲಿ ದಾಖಲಾಗಿರುತ್ತದೆ. ನಾಳೆಯ ಹಣವನ್ನು ಇಂದೇ ಉಣ್ಣುವುದರ ದೊಡ್ಡ ಉದಾಹರಣೆ ಲೀಡ್ಸ್ ಯುನೈಟೆಡ್. ಮುಂದಿನ ವರ್ಷಗಳ ಟಿಕೆಟ್ ಆದಾಯದ ಮೇಲೆ 6 ಕೋಟಿ ಪೌಂಡ್ ಸಾಲ ಎತ್ತಿದರು, 2001ರಲ್ಲಿ ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ಆಡಿದರು, 2004ರಲ್ಲಿ ಕೆಳಗಿಳಿದರು, ಅದೇ ವರ್ಷ ತಮ್ಮ ಮೈದಾನ ಎಲ್ಲಂಡ್ ರೋಡ್ ಮಾರಿದರು, 2007ರಲ್ಲಿ ಮೂರನೇ ಹಂತಕ್ಕೆ ಬಿದ್ದರು. ಪ್ರೀಮಿಯರ್ ಲೀಗಿಗೆ ಮರಳಲು 16 ವರ್ಷ ಬೇಕಾಯಿತು.

ಗೋಲುಗಂಬ

ಲೆಕ್ಕಿಗ ಅವರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ, ನನ್ನ ಪ್ರಕಾರ ಇದೇ ಮೊದಲು: ಮೈದಾನ ಯಾರ ಹೆಸರಲ್ಲಿದೆ? ಭೂದಾಖಲೆ ಇಲಾಖೆಯಲ್ಲಿ ಸಣ್ಣ ಶುಲ್ಕ ಕಟ್ಟಿದರೆ ಯಾರು ಬೇಕಾದರೂ ಹಕ್ಕುಪತ್ರದ ಪ್ರತಿ ತೆಗೀಬಹುದು. ಕ್ಲಬ್ಬಿನ ಹೆಸರೇ ಇದ್ದರೆ ಸರಿ. ಮಾಲೀಕರ ಇನ್ನೊಂದು ಕಂಪನಿಯ ಹೆಸರಿದ್ದರೆ ಬಾಡಿಗೆ ಕರಾರು ಎಷ್ಟು ವರ್ಷದ್ದು, ಮಾಲೀಕರು ಬದಲಾದರೆ ಅದರ ಗತಿ ಏನು ಅಂತ ಕೇಳಿ. ಡರ್ಬಿ ಕೌಂಟಿ ಮತ್ತು ಶೆಫೀಲ್ಡ್ ವೆನ್ಸ್‌ಡೇ ಎರಡೂ ಲೆಕ್ಕ ಸರಿದೂಗಿಸೋಕೆ ಕ್ರೀಡಾಂಗಣವನ್ನ ಮಾಲೀಕರ ಕಂಪನಿಗೇ ಮಾರಿದವು. ಡರ್ಬಿ 2021-22ರಲ್ಲಿ 21 ಪಾಯಿಂಟ್ ಕಳೆದುಕೊಂಡು ಕೆಳಗಿಳೀತು. ಅದರಲ್ಲಿ 12 ಅಡ್ಮಿನಿಸ್ಟ್ರೇಷನ್ನಿಗೆ (ಸಾಲ ತೀರಿಸಲಾಗದೆ ಕ್ಲಬ್ಬಿನ ಆಡಳಿತ ಹೊರಗಿನವರ ಕೈಗೆ ಹೋಗೋದು), 9 ಲೆಕ್ಕದ ನಿಯಮ ಮುರಿದಿದ್ದಕ್ಕೆ. ಕ್ಲಬ್ಬನ್ನ ಹೊಸಬರಿಗೆ ಮಾರಬೇಕಾದಾಗ ಮೈದಾನ ಬೇರೆಯವರ ಕೈಲಿದ್ದದ್ದು ದೊಡ್ಡ ತೊಡಕಾಯ್ತು.

ಬ್ರೈಟನ್ ಕಥೆ ಇನ್ನೂ ಕೆಟ್ಟದ್ದು, ಇವತ್ತಿನ ಬ್ರೈಟನ್ ನೋಡಿದವರಿಗೆ ನಂಬೋಕಾಗಲ್ಲ. ಕ್ಲಬ್ ಮುಚ್ಚಿದರೆ ಆಸ್ತಿಯ ಲಾಭ ಷೇರುದಾರರಿಗೆ ಹೋಗದ ಹಾಗೆ ತಡೀತಿದ್ದ ಒಂದು ಕಲಮನ್ನ ಕ್ಲಬ್ ಕಂಪನಿಯ ನಿಯಮಾವಳಿಯಿಂದ ಸದ್ದಿಲ್ಲದೆ ತೆಗೆದರು. 1997ರಲ್ಲಿ ಗೋಲ್ಡ್‌ಸ್ಟೋನ್ ಮೈದಾನ ಹೋಯ್ತು. ಎರಡು ವರ್ಷ ಗಿಲ್ಲಿಂಗ್‌ಹ್ಯಾಮ್‌ನಲ್ಲಿ, ಆಮೇಲೆ 2011ರವರೆಗೆ ಓಟದ ಟ್ರ್ಯಾಕ್ ಇರೋ ವಿಥ್‌ಡೀನ್‌ನಲ್ಲಿ ಆಡಿದರು. ಆದ್ದರಿಂದ ವರ್ಷಕ್ಕೊಮ್ಮೆ ಕಂಪನೀಸ್ ಹೌಸ್‌ನಲ್ಲಿ ನಿಯಮಾವಳಿಯ ತಿದ್ದುಪಡಿ ಏನಾದರೂ ದಾಖಲಾಗಿದೆಯಾ ಅಂತ ನೋಡಿ, ಹಳೇ ಪ್ರತಿ ಪಕ್ಕದಲ್ಲಿಟ್ಟು ಸಾಲು ಸಾಲು ಹೋಲಿಸಿ. ಅರ್ಧ ದಿನದ ಕೆಲಸ.

ಇನ್ನು ಬರೆಸಿಕೊಳ್ಳೋ ವಿಷಯ. ಇಬ್ಬರ ಮಾದರಿ ಇದೆ. ಬ್ರೆಂಟ್‌ಫರ್ಡ್ ಕ್ಲಬ್ಬಿನ ಬಹುಪಾಲು ಷೇರು 2006ರಿಂದ ಅಭಿಮಾನಿ ಟ್ರಸ್ಟ್ ಬೀಸ್ ಯುನೈಟೆಡ್ ಕೈಲಿತ್ತು. 2012ರಲ್ಲಿ ಮ್ಯಾಥ್ಯೂ ಬೆನ್‌ಹ್ಯಾಮ್ ತಗೊಂಡಾಗ ಟ್ರಸ್ಟ್ ಒಂದು ವಿಶೇಷ ಷೇರು ಇಟ್ಟುಕೊಂಡಿತು, ಮೈದಾನದ ಮಾರಾಟ ತಡೆಯೋ ಹಕ್ಕು ಅದರಲ್ಲಿದೆ. ಲೂಟನ್ ಟೌನ್‌ನಲ್ಲಿ 2014ರಿಂದ ಕ್ಲಬ್ಬಿನ ಹೆಸರು, ಬಣ್ಣ, ಲಾಂಛನ ಬದಲಿಸೋದನ್ನ ತಡೆಯೋ ಕಾನೂನಿನ ಅಧಿಕಾರ ಟ್ರಸ್ಟಿಗಿದೆ. ಇದು ಅಲಂಕಾರಕ್ಕಲ್ಲ. ಕಾರ್ಡಿಫ್ ಸಿಟಿಯ ನೀಲಿ ಜರ್ಸಿಯನ್ನ 2012ರಲ್ಲಿ ಕೆಂಪು ಮಾಡಿದಾಗ ಹೂಡಿಕೆಯ ಆಸೆ ತೋರಿಸಿದ್ದರು. ಮರುವರ್ಷವೇ ಪ್ರೀಮಿಯರ್ ಲೀಗಿಗೂ ಹೋದರು. ಆದರೂ 2015ರಲ್ಲಿ ನೀಲಿಗೆ ವಾಪಸ್ ಬರಲೇಬೇಕಾಯ್ತು.

ಮಾತಿನ ಭರವಸೆಗೆ ಬೆಲೆ ಇಲ್ಲ. ಕಂಪನಿಯ ನಿಯಮಾವಳಿಯಲ್ಲೇ ಸೇರಬೇಕು, ಆ ಕಲಮನ್ನ ಬದಲಿಸೋಕೂ ಟ್ರಸ್ಟಿನ ಒಪ್ಪಿಗೆ ಬೇಕು ಅನ್ನೋ ಇನ್ನೊಂದು ಸಾಲೂ ಸೇರಬೇಕು. ಎರಡನೇ ಸಾಲು ಮರೆತರೆ ಮೊದಲನೆಯದನ್ನ ಒಂದೇ ಸಭೇಲಿ ಅಳಿಸಿಬಿಡಬಹುದು. ಜೊತೆಗೆ ಮೈದಾನವನ್ನ ಸಮುದಾಯ ಮೌಲ್ಯದ ಆಸ್ತಿ ಅಂತ ಸ್ಥಳೀಯ ಕೌನ್ಸಿಲ್‌ನಲ್ಲಿ ನೋಂದಾಯಿಸಿ. 2011ರ ಲೋಕಲಿಸಂ ಕಾಯ್ದೆಯಡಿ ಅದು ಐದು ವರ್ಷ ಇರುತ್ತೆ, ಮಾರೋಕೆ ಹೊರಟರೆ ಸಮುದಾಯ ಗುಂಪಿಗೆ ದುಡ್ಡು ಹೊಂದಿಸೋಕೆ ಆರು ತಿಂಗಳ ತಡೆ ಸಿಗುತ್ತೆ. ಐದು ವರ್ಷದ ಅವಧಿ ಮುಗಿಯೋ ಮುಂಚೆ ಮತ್ತೆ ಅರ್ಜಿ ಹಾಕೋದನ್ನ ಮರೆಯೋದೇ ಇಲ್ಲಿ ಆಗೋ ತಪ್ಪು.

ಮೂರನೇ ಪಾಸ್

ಆಟದ ಕಡೆಯಿಂದ ಚುಟುಕಾಗಿ. ಪಾಯಿಂಟ್ ಬಿಟ್ಟು ಗೋಲು ವ್ಯತ್ಯಾಸ ನೋಡಿ, ಅದಕ್ಕಿಂತ ಎಕ್ಸ್‌ಜಿ (ಸಿಕ್ಕ ಅವಕಾಶಗಳಿಗೆ ಎಷ್ಟು ಗೋಲು ನಿರೀಕ್ಷಿಸಬಹುದು ಅನ್ನೋ ಅಳತೆ) ವ್ಯತ್ಯಾಸ ನೋಡಿ. ತಂಡ ಮೂರನೇ ಸ್ಥಾನದಲ್ಲಿದ್ದು ಎಕ್ಸ್‌ಜಿಯಲ್ಲಿ ಹನ್ನೆರಡನೇ ಸ್ಥಾನದಲ್ಲಿದ್ದರೆ, ಗೋಲ್‌ಕೀಪರ್ ಅಥವಾ ಒಬ್ಬ ಸ್ಟ್ರೈಕರ್ ಹೊತ್ತುಕೊಂಡಿದ್ದಾನೆ ಅಂತ ಅರ್ಥ. ಹತ್ತು ಪಂದ್ಯಕ್ಕೆ ಇದನ್ನ ನೋಡಬೇಡಿ, ಇಪ್ಪತ್ತಾದರೂ ಬೇಕು. ಪೆನಾಲ್ಟಿ ಬಿಟ್ಟು ಲೆಕ್ಕ ಹಾಕಿ.

ಎರಡನೆಯದು, ಒಂದು ಹಾಳೆಯಲ್ಲಿ ಮೊದಲ ಹನ್ನೊಂದು ಮಂದಿಯ ಹೆಸರು, ವಯಸ್ಸು, ಕರಾರು ಮುಗಿಯೋ ವರ್ಷ, ಸ್ವಂತದವನೋ ಬೇರೆ ಕ್ಲಬ್ಬಿನಿಂದ ಎರವಲೋ ಬರೀರಿ. ಎರವಲು ನಾಲ್ಕು ಮಂದಿ, ಕರಾರಿನ ಕೊನೇ ವರ್ಷದಲ್ಲಿ ಮೂರು ಮಂದಿ ಇದ್ದರೆ ಮುಂದಿನ ಆಗಸ್ಟಿಗೆ ಅದು ಬೇರೆ ತಂಡ. ಲೆಸ್ಟರ್ 2016ರ ಬೇಸಿಗೆಯಲ್ಲಿ ಬಿಟ್ಟುಕೊಟ್ಟ ಮುಖ್ಯ ಆಟಗಾರ ಕಾಂಟೆ ಒಬ್ಬನೇ. ಮುಂದಿನ ಫೆಬ್ರವರಿಯಲ್ಲಿ ಕೋಚ್ ರಾನಿಯೇರಿಯನ್ನ ತೆಗೆಯೋ ಹೊತ್ತಿಗೆ ಚಾಂಪಿಯನ್ ತಂಡ ಕೆಳಗಿಳಿಯೋ ವಲಯದ ಅಂಚಲ್ಲಿತ್ತು.

ಬಡ್ತಿ ಸಿಕ್ಕಿದ ತಕ್ಷಣ ಎಷ್ಟು ಕಷ್ಟ ಅನ್ನೋಕೆ: 2023-24ರಲ್ಲಿ ಪ್ರೀಮಿಯರ್ ಲೀಗಿಗೆ ಮೇಲೆ ಬಂದ ಮೂರೂ ತಂಡ ವಾಪಸ್ ಇಳಿದವು, 2024-25ರಲ್ಲೂ ಮೂರಕ್ಕೆ ಮೂರು. ಹಾಗಾಗಿ ಕೆಳಗಿಳಿದರೆ ಸಂಬಳ ತಾನಾಗಿ ಕಡಿಮೆ ಆಗೋ ಕಲಮು ಎಲ್ಲ ಕರಾರಿನಲ್ಲೂ ಇದೆಯಾ ಅನ್ನೋದು ಅಭಿಮಾನಿ ಸಭೆಯಲ್ಲಿ ಕೇಳಬೇಕಾದ ಒಂದೇ ಒಂದು ಪ್ರಶ್ನೆ. ಯಾರ ಸಂಬಳ ಎಷ್ಟು ಅಂತ ಕೇಳಿದರೆ ಹೇಳಲ್ಲ, ಇದಕ್ಕೆ ಹೌದು ಅಥವಾ ಇಲ್ಲ ಅಂತಾದರೂ ಹೇಳ್ತಾರೆ.

ಎಡಬದಿ ವಿಂಗರ್

ಎಲ್ಲರಿಗೂ ಧನ್ಯವಾದ, ಇದೇ ಬೇಕಿತ್ತು. ಗೋಲುಗಂಬ ಅವರೇ, ಗೆಲ್ತಾ ಇರೋ ಮಾಲೀಕರು ಇಂಥ ಹಕ್ಕನ್ನ ಯಾಕೆ ಕೊಡ್ತಾರೆ? ಮತ್ತೆ ಟಿಕೆಟ್ ವಿಷಯ ಯಾರೂ ಮುಟ್ಟಿಲ್ಲ. ಖಾಲಿ ಸ್ಟ್ಯಾಂಡಿನ ಕಾಲದಲ್ಲಿ ಬಂದವರಿಗೇ ಈಗ ಟಿಕೆಟ್ ಸಿಗದ ಪರಿಸ್ಥಿತಿ.

ಹಳೇ ಸ್ಟ್ಯಾಂಡ್

ಟಿಕೆಟ್ ಬಗ್ಗೆ ನಾನು ಹೇಳ್ತೀನಿ. ಪ್ರವಾಸದ ಪಂದ್ಯದ (ಎದುರಾಳಿಯ ಮೈದಾನದಲ್ಲಿ ಆಡೋದು) ಟಿಕೆಟ್ಟಲ್ಲೇ ಜಗಳ ಶುರುವಾಗೋದು. ಪ್ರೀಮಿಯರ್ ಲೀಗಿನಲ್ಲಿ ಎದುರಾಳಿ ಅಭಿಮಾನಿಗಳಿಗೆ 3,000 ಟಿಕೆಟ್, ಮೈದಾನ ಚಿಕ್ಕದಿದ್ದರೆ ಆಸನಗಳ 10%. ಬೆಲೆಗೆ 2016-17ರಿಂದ 30 ಪೌಂಡ್ ಮಿತಿ. ಬೇಡಿಕೆ ಇದರ ಎಷ್ಟೋ ಪಟ್ಟು.

ಬಹಳ ಕ್ಲಬ್ಬುಗಳು ಹಾಜರಾತಿಗೆ ಪಾಯಿಂಟ್ ಕೊಟ್ಟು ಮೇಲಿನಿಂದ ಕೆಳಕ್ಕೆ ಹಂಚುತ್ತವೆ. ಪಾಯಿಂಟ್ ಯಾವತ್ತೂ ಅಳಿಯದಿದ್ದರೆ ಎರಡು ರೋಗ ಬರುತ್ತೆ. ಹೊಸ ಹುಡುಗನಿಗೆ ಜೀವಮಾನದಲ್ಲಿ ಸರದಿ ಬರಲ್ಲ. ಮೇಲಿನವರು ಪಾಯಿಂಟ್ ಉಳಿಸಿಕೊಳ್ಳೋಕೆ ಟಿಕೆಟ್ ಕೊಂಡು ಬೇರೆಯವರಿಗೆ ದಾಟಿಸ್ತಾರೆ. ಕೆಲಸ ಮಾಡೋ ಅಳತೆ ಹೀಗಿದೆ: 1,000 ಟಿಕೆಟ್ಟಿದ್ದರೆ 600 ಪಾಯಿಂಟಿನ ಮೇಲೆ, 250 ಸದಸ್ಯರ ನಡುವೆ ಚೀಟಿ ಎತ್ತಿ, 150 ಇಪ್ಪತ್ತೊಂದು ವರ್ಷದ ಒಳಗಿನವರಿಗೆ. ಪಾಯಿಂಟು ಕಳೆದ ಐದು ಸೀಸನ್ನಿಂದು ಮಾತ್ರ. ಸೋತ ವರ್ಷಗಳಲ್ಲಿ ಬಂದವರಿಗೆ ನ್ಯಾಯ ಆಗಬೇಕಲ್ಲ, ಅದಕ್ಕೆ ಕೆಳ ಲೀಗಿನ ಪ್ರತಿ ಸೀಸನ್ನಿಗೆ ಅಳಿಯದ ಒಂದಿಷ್ಟು ಪಾಯಿಂಟ್ ಬೇರೆಯಾಗಿ ಇಡಿ, ಆದರೆ ಅದಕ್ಕೆ ಮೇಲ್ಮಿತಿ ಇರಲಿ. ಪ್ರತಿ ಪಂದ್ಯದಲ್ಲೂ ಕೆಲವು ಟಿಕೆಟ್ಟನ್ನ ಆಟದ ದಿನ ಗುರುತಿನ ಚೀಟಿ ತೋರಿಸಿಯೇ ತಗೋಬೇಕು ಅಂತ ಮಾಡಿದರೆ ದಾಟಿಸೋದು ಬಹಳ ಮಟ್ಟಿಗೆ ನಿಲ್ಲುತ್ತೆ.

ಬೆಲೆ ಏರಿಕೆಗೆ ಪ್ರತಿಭಟನೆ ಮಾಡೋದಾದರೆ ಒಂದೇ ಬೇಡಿಕೆ, ಒಂದೇ ಅಂಕಿ ಇರಲಿ. 2016ರ ಫೆಬ್ರವರಿಯಲ್ಲಿ ಲಿವರ್‌ಪೂಲ್‌ನಲ್ಲಿ 77 ಪೌಂಡಿನ ಟಿಕೆಟ್ ಪ್ರಸ್ತಾಪ ಬಂತು. ಸಂಡರ್‌ಲ್ಯಾಂಡ್ ವಿರುದ್ಧದ ಪಂದ್ಯದ 77ನೇ ನಿಮಿಷಕ್ಕೆ ಸಾವಿರಾರು ಜನ ಎದ್ದು ಹೊರಟರು, ಆಗ ತಂಡ 2-0 ಮುಂದಿತ್ತು, ಕೊನೆಗೆ 2-2 ಆಯ್ತು. ಕೆಲವೇ ದಿನದಲ್ಲಿ ಮಾಲೀಕರು ಬೆಲೆ ಹಿಂತೆಗೆದರು. ಗೆಲ್ತಾ ಇರೋ ಹೊತ್ತಲ್ಲೇ ಖಾಲಿ ಕುರ್ಚಿ ಟಿವಿಯಲ್ಲಿ ಕಾಣಿಸಿದ್ದು ಕೆಲಸ ಮಾಡಿತು.

ಲೆಕ್ಕಿಗ

ವಿಂಗರ್ ಅವರ ಮೊದಲ ಪ್ರಶ್ನೆಗೆ. ಗೆಲ್ಲುವ ಮಾಲೀಕರು ಸುಮ್ಮನೆ ಕೊಡುವುದಿಲ್ಲ, ನಿಜ. ಬ್ರೆಂಟ್‌ಫರ್ಡ್‌ನಲ್ಲಿ ಟ್ರಸ್ಟಿನ ಕೈಯಲ್ಲಿ ಷೇರಿತ್ತು, ಅದಕ್ಕೇ ಮಾತು ನಡೆಯಿತು. ಷೇರಿಲ್ಲದ ಟ್ರಸ್ಟಿಗೆ ಬಾಗಿಲು ತೆರೆಯುವುದು ಮೂರು ಸಂದರ್ಭದಲ್ಲಿ: ಹೊಸ ಕ್ರೀಡಾಂಗಣಕ್ಕೆ ಕೌನ್ಸಿಲ್ ಅನುಮತಿ ಬೇಕಾದಾಗ, ಕ್ಲಬ್ ಕೈ ಬದಲಾಗುವಾಗ, ಬಂಡವಾಳಕ್ಕೆ ಹೊಸ ಷೇರು ಬಿಡುವಾಗ. ಮೂರೂ ಸಾಮಾನ್ಯವಾಗಿ ಬಡ್ತಿಯ ಬೆನ್ನಿಗೇ ಬರುತ್ತವೆ. ಕರಡು ಕಲಮುಗಳನ್ನು ಮೊದಲೇ ವಕೀಲರಿಂದ ಬರೆಸಿ ಇಟ್ಟುಕೊಳ್ಳಿ. 2025ರ ಫುಟ್‌ಬಾಲ್ ಆಡಳಿತ ಕಾಯ್ದೆ ಬಂದ ಮೇಲೆ ತವರು ಮೈದಾನ ಮಾರಲು ಸ್ವತಂತ್ರ ನಿಯಂತ್ರಕರ ಒಪ್ಪಿಗೆ ಬೇಕು. ಕಾನೂನು ಹೇಗೂ ಕೇಳುವುದನ್ನು ನಿಯಮಾವಳಿಯಲ್ಲೂ ಬರೆಯಿರಿ ಎಂದರೆ ಇಲ್ಲ ಎನ್ನುವುದು ಮಾಲೀಕರಿಗೆ ಕಷ್ಟ.

ಏರುತ್ತಿರುವ ಸದಸ್ಯತ್ವದ ಹಣವನ್ನು ಧ್ವಜ, ಬ್ಯಾನರಿಗೆ ಖಾಲಿ ಮಾಡಬೇಡಿ, ಅದಕ್ಕೆ ಬೇರೆ ಖಾತೆ ಇರಲಿ. ಪೋರ್ಟ್ಸ್‌ಮೌತ್ 2008ರಲ್ಲಿ ಎಫ್‌ಎ ಕಪ್ ಗೆದ್ದು, 2010ರಲ್ಲಿ ಅಡ್ಮಿನಿಸ್ಟ್ರೇಷನ್ನಿಗೆ ಬಿದ್ದು, 2013ರಲ್ಲಿ ಮುಳುಗುವ ಹಂತಕ್ಕೆ ಬಂದಾಗ ತಲಾ 1,000 ಪೌಂಡಿನ ಷೇರು ಎತ್ತಿ ಅಭಿಮಾನಿಗಳೇ ಕ್ಲಬ್ ಕೊಂಡರು. ಆ ಮೊತ್ತ ಕೂಡಿಸುವಾಗ ಸದಸ್ಯರ ಸರಿಯಾದ ಪಟ್ಟಿ, ಇ-ಮೇಲ್ ವಿಳಾಸ, ನೋಂದಾಯಿತ ಸೊಸೈಟಿ, ಲೆಕ್ಕಪರಿಶೋಧನೆಯಾದ ಖಾತೆ ಇವೆಲ್ಲ ಮೊದಲೇ ಸಿದ್ಧವಿರಬೇಕು. ಸದಸ್ಯರು ಜಾಸ್ತಿಯಾಗುತ್ತಿರುವ ಈ ಸೀಸನ್ನಿನಲ್ಲೇ ಪಟ್ಟಿ ಸರಿಮಾಡಿ. ಶುಲ್ಕವನ್ನು ವರ್ಷ ವರ್ಷ ಕೇಳುವ ಬದಲು ಬ್ಯಾಂಕಿನಿಂದ ತಾನಾಗಿ ಕಡಿತವಾಗುವಂತೆ ಮಾಡಿಸಿಕೊಳ್ಳಿ, ತಂಡ ಕೆಳಗಿಳಿದ ವರ್ಷವೂ ಹೆಚ್ಚು ಮಂದಿ ಉಳಿಯುವ ದಾರಿ ಅದು.