ಲ್ಯಾವೆಂಡರ್ ತೋಟವೋ, ಹೊಲವೋ?

ಫ್ರಾನ್ಸಿನ ಪ್ರೊವಾನ್ಸ್ ಸೀಮೆಗೆ ಹೋಗಿಬಂದವರು ಕನ್ನಡದಲ್ಲಿ ಬರೆದದ್ದನ್ನು ಈಚೆಗೆ ಒಂದಷ್ಟು ಓದಿದೆ. ಪರಿಮಳದ ಎಣ್ಣೆಗಾಗಿ ಅಲ್ಲಿ ಲ್ಯಾವೆಂಡರ್ ಎಂಬ ಹೂಗಿಡ ಬೆಳೆಯುವ ಜಾಗವನ್ನು ಒಬ್ಬರು ‘ಲ್ಯಾವೆಂಡರ್ ತೋಟ’ ಎನ್ನುತ್ತಾರೆ, ಇನ್ನೊಬ್ಬರು ‘ಗದ್ದೆ’, ಮತ್ತೊಬ್ಬರು ‘ಉದ್ಯಾನ’. ಲಿಯೋನಿನಲ್ಲಿರುವ ಮಗಳ ಜೊತೆ ನಾನೂ ಅಲ್ಲಿಗೆ ಹೋಗಿದ್ದೆ. ಊರಿನವರಿಗಾಗಿ ಒಂದು ಪ್ರವಾಸದ ಬರಹ ಸಿದ್ಧಮಾಡುತ್ತಿರುವುದರಿಂದ ಕೇಳುತ್ತಿದ್ದೇನೆ: ಇವುಗಳಲ್ಲಿ ಯಾವುದು ಸರಿ? ನನ್ನ ಒಲವು ‘ಹೊಲ’ದ ಕಡೆಗಿದೆ.

ನಮ್ಮ ಕಂದಾಯದ ಲೆಕ್ಕದಲ್ಲಿ ಜಮೀನು ಖುಷ್ಕಿ, ತರಿ, ಬಾಗಾಯ್ತು ಎಂದು ಮೂರು ಬಗೆ. ರೈತರ ಬಾಯಲ್ಲಿ ಅವೇ ಹೊಲ, ಗದ್ದೆ, ತೋಟ. ಗದ್ದೆ ಎಂದರೆ ನೀರು ನಿಲ್ಲಬೇಕು. ಲ್ಯಾವೆಂಡರಿನ ಬುಡದಲ್ಲಿ ನೀರು ನಿಂತರೆ ಬೇರು ಕೊಳೆತು ಗಿಡ ಸಾಯುತ್ತದೆ, ಹಾಗಾಗಿ ಆ ಪದವನ್ನು ಬಿಟ್ಟುಬಿಡಬಹುದು. ‘ತೋಟ’ಕ್ಕೆ ಮಾತ್ರ ಒಂದು ಬಲವಾದ ಸಮರ್ಥನೆ ಇದೆ. ಇದು ವರ್ಷವರ್ಷ ಬಿತ್ತುವ ಬೆಳೆಯಲ್ಲ. ಒಮ್ಮೆ ನೆಟ್ಟ ಪೊದೆ ಸುಮಾರು ಹತ್ತು ವರ್ಷ ಕೊಯ್ಲಿಗೆ ಬರುತ್ತದೆ. ಆದರೆ ತೋಟ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಅಡಿಕೆ, ತೆಂಗು, ಬಾಳೆ, ಬಾವಿಯ ನೀರು, ತಂಪು. ಪ್ರೊವಾನ್ಸಿನಲ್ಲಿ ಲ್ಯಾವೆಂಡರಿಗೆ ಹೆಸರಾದ ವಲಾನ್ಸೋಲ್ ಪ್ರಸ್ಥಭೂಮಿಯಲ್ಲಿ ಅದೊಂದೂ ಇಲ್ಲ. ಸುಣ್ಣಗಲ್ಲು ಬೆರೆತ ಒಣನೆಲ, ಉರಿಬಿಸಿಲು, ಪಕ್ಕದ ತಾಕಿನಲ್ಲೇ ಗೋಧಿ. ನಮ್ಮಲ್ಲಿ ಮರಡಿ ಹೊಲ ಎನ್ನುತ್ತಾರಲ್ಲ, ಅದರ ಜಾತಿಯ ಭೂಮಿ.

‘ಉದ್ಯಾನ’ ನನಗೆ ಎಲ್ಲಕ್ಕಿಂತ ಹೆಚ್ಚು ಅಸಮಾಧಾನ ತರುವ ಪದ. ಉದ್ಯಾನ ಎಂದರೆ ಲಾಲ್‌ಬಾಗಿನ ಹಾಗೆ ಎಲ್ಲರಿಗಾಗಿ ಇಟ್ಟ ಜಾಗ. ಇಲ್ಲಿ ರಸ್ತೆಯ ಪಕ್ಕ ಬೇಲಿ ಕಾಣದಿದ್ದರೂ ಪ್ರತಿಯೊಂದು ಸಾಲೂ ಒಬ್ಬ ರೈತನ ಫಸಲು. ಪ್ರವಾಸಿಗರು ಫೋಟೊಗಾಗಿ ಸಾಲುಗಳ ನಡುವೆ ನುಗ್ಗಿ, ಗಿಡ ತುಳಿದು, ಕೈತುಂಬ ಹೂ ಕಿತ್ತುಕೊಳ್ಳುವುದನ್ನು ಕಣ್ಣಾರೆ ನೋಡಿದೆ. ರಾಗಿ ಹೊಲದಲ್ಲಿ ಹಾಗೆ ಮಾಡಲು ನಮ್ಮವರಿಗೆ ಮನಸ್ಸು ಬರುವುದಿಲ್ಲ. ‘ಹೊಲ’ ಎಂದು ಬರೆದರೆ ಅದರ ಹಿಂದೆ ಒಬ್ಬ ಒಕ್ಕಲಿಗನಿದ್ದಾನೆ ಎಂಬುದು ಓದುವವನಿಗೆ ತಾನಾಗಿ ತಿಳಿಯುತ್ತದೆ. ಗೋರ್ಡ್ ಊರಿನ ಹತ್ತಿರವಿರುವ ಸೆನಾಂಕ್ ಮಠದ ಮುಂದಿನ ಸಾಲುಗಳ ಚಿತ್ರವನ್ನು ಎಲ್ಲರೂ ನೋಡಿರುತ್ತಾರೆ. 1148ರಲ್ಲಿ ಸ್ಥಾಪನೆಯಾದ ಆ ಮಠದಲ್ಲಿ ಇಂದಿಗೂ ಸನ್ಯಾಸಿಗಳಿದ್ದಾರೆ, ಅವರಿಗೂ ಅದು ಬೆಳೆಯೇ.

ಇನ್ನು ಹೂವಿನ ಮಾತು. ‘ಲ್ಯಾವೆಂಡರ್ ಹೂಗೊಂಚಲು’ ಎಂದು ಬರೆಯುವುದು ರೂಢಿಯಾಗಿಬಿಟ್ಟಿದೆ. ಗೊಂಚಲು ಜೋತುಬೀಳುತ್ತದೆ, ದ್ರಾಕ್ಷಿಯಂತೆ. ಇದು ನೆಟ್ಟಗೆ ನಿಲ್ಲುತ್ತದೆ. ಲ್ಯಾವೆಂಡರ್ ನಮ್ಮ ತುಳಸಿ, ದೊಡ್ಡಪತ್ರೆಗಳ ಕುಟುಂಬಕ್ಕೆ ಸೇರಿದ ಗಿಡ. ತುಳಸಿಗೆ ‘ಕದಿರು’ ಎನ್ನುವಾಗ ಇದಕ್ಕೂ ಕದಿರೇ ಹೊಂದುತ್ತದೆ ಎನಿಸುತ್ತದೆ. ಇದು ಚಂದಕ್ಕಾಗಿ ಆರಿಸುತ್ತಿರುವ ಪದವಲ್ಲ, ಅಲ್ಲಿನ ಗಿಡಗಳನ್ನು ಗುರುತಿಸುವುದೇ ಕದಿರಿನಿಂದ. ಅಸಲಿ ಲ್ಯಾವೆಂಡರಿನ ಒಂದು ಕಡ್ಡಿಗೆ ಒಂದೇ ಕದಿರು. ‘ಲವಾಂದ್ಯಾಂ’ ಎಂಬ ಇನ್ನೊಂದು ಗಿಡದಲ್ಲಿ ಕಡ್ಡಿ ಕವಲೊಡೆದು ಪಕ್ಕಕ್ಕೂ ಪುಟ್ಟ ಕದಿರುಗಳು ಬರುತ್ತವೆ. ಅದು ಅಸಲಿ ಲ್ಯಾವೆಂಡರ್ ಮತ್ತು ತಗ್ಗಿನಲ್ಲಿ ಬೆಳೆಯುವ ಅಗಲ ಎಲೆಯ ಲ್ಯಾವೆಂಡರ್ ಕೂಡಿ ಹುಟ್ಟಿದ ಬೆರಕೆ. ಬೀಜ ಕಟ್ಟದ ಗಿಡವಾದ್ದರಿಂದ ಕಡ್ಡಿ ನೆಟ್ಟೇ ಬೆಳೆಸಬೇಕು. ಎಲ್ಲವೂ ಒಂದೇ ತಾಯಿಗಿಡದ ಕಡ್ಡಿಗಳಾದ್ದರಿಂದ ಹೊಲವಿಡೀ ಒಂದೇ ಎತ್ತರ, ಒಂದೇ ಬಣ್ಣ. ವಲಾನ್ಸೋಲಿನಲ್ಲಿ ಜನ ಮುಗಿಬಿದ್ದು ನೋಡುವ ದುಂಡು ಪೊದೆಗಳ ಸಾಲುಗಳಲ್ಲಿ ಬಹುಪಾಲು ಈ ಬೆರಕೆಯೇ. ಬೀಜದಿಂದ ಬೆಳೆದ ಅಸಲಿಯ ತಾಕಿನಲ್ಲಾದರೆ ಗಿಡದಿಂದ ಗಿಡಕ್ಕೆ ಬಣ್ಣ ತುಸು ಬೇರೆಯಾಗಿರುತ್ತದೆ. ಅದನ್ನು ನೋಡಬೇಕಾದರೆ ಬೆಟ್ಟದ ಕಡೆ ಹತ್ತಬೇಕು. 700 ಮೀಟರಿಗೂ ಮೇಲಿರುವ ಸೋ ಎಂಬ ಊರಿನ ಸುತ್ತ ಅದು ಸಿಗುತ್ತದೆ. ಅಲ್ಲಿ ಕೊಯ್ಲು ತಡ. ಆಗಸ್ಟ್ 15ರಂದು ಲ್ಯಾವೆಂಡರ್ ಹಬ್ಬವೂ ಅಲ್ಲೇ. ವಲಾನ್ಸೋಲಿಗೆ ಆಗಸ್ಟಿನಲ್ಲಿ ಹೋದವರಿಗೆ ಕೊಯ್ದ ಬೋಳು ಪೊದೆಗಳೇ ಕಂಡಾವು.

ಲವಾಂದ್ಯಾಂಗೆ ಕನ್ನಡದಲ್ಲಿ ‘ಬೆರಕೆ ಲ್ಯಾವೆಂಡರ್’ ಎನ್ನಬಹುದೇ? ‘ಬೆರಕೆ’ ಎಂದರೆ ಕಲಬೆರಕೆಯ ವಾಸನೆ ಬರುತ್ತದೆ ಎಂಬ ಅಳುಕು ನನಗಿದೆ. ಎಣ್ಣೆಯಲ್ಲಿ ಕರ್ಪೂರದ ಘಾಟು ಹೆಚ್ಚು, ಸಾಬೂನಿಗೆ ಹೋಗುವುದೇ ಬಹಳ ಎಂಬುದು ನಿಜ. ಹಾಗೆಂದು ಅದು ಕಳಪೆಯಲ್ಲ. ಎಕರೆಗೆ ಹೆಚ್ಚು ಎಣ್ಣೆ ಕೊಟ್ಟು ಎಷ್ಟೋ ಸಂಸಾರಗಳನ್ನು ಸಾಕುತ್ತಿರುವ ಬೆಳೆ. ‘ಕಸಿ’ಯಂತೂ ತಪ್ಪು, ಏಕೆಂದರೆ ಇಲ್ಲಿ ಕಸಿ ಕಟ್ಟಿಲ್ಲ. ‘ಮಿಶ್ರತಳಿ’ ಪಠ್ಯಪುಸ್ತಕದ ಮಾತಾದರೂ ಸದ್ಯಕ್ಕೆ ಅದನ್ನೇ ಇಟ್ಟುಕೊಂಡಿದ್ದೇನೆ.

ಬಣ್ಣಕ್ಕೆ ‘ನೇರಳೆ’ ಎಂದು ಬರೆಯಲು ಕೈ ಬರುತ್ತಿಲ್ಲ. ನೇರಳೆ ಹಣ್ಣಿನ ಕಪ್ಪು ಇದರಲ್ಲಿಲ್ಲ, ನೀಲಿಯೇ ಮುಂದು. ಪ್ರೊವಾನ್ಸಿನವರೂ ಇದನ್ನು ‘ನೀಲಿ ಚಿನ್ನ’ ಎನ್ನುತ್ತಾರೆ. ‘ತಿಳಿ ಊದಾ’ ಎಂದರೆ ಇಂದಿನ ಓದುಗರಿಗೆ ಅರ್ಥವಾದೀತೇ?

ಕೊನೆಯದು ಎಣ್ಣೆ ತೆಗೆಯುವ ಕೆಲಸ. ಕೊಯ್ದ ಕದಿರನ್ನು ದೊಡ್ಡ ಹಂಡೆಗೆ ತುಂಬಿ ಕೆಳಗಿನಿಂದ ಹಬೆ ಹಾಯಿಸುತ್ತಾರೆ. ಹಬೆ ಸುರುಳಿ ಕೊಳವೆಯಲ್ಲಿ ತಣಿದು ನೀರಾದಾಗ ಎಣ್ಣೆ ಮೇಲೆ ತೇಲುತ್ತದೆ. ಅಸಲಿ ಲ್ಯಾವೆಂಡರಿನ ಒಂದು ಕಿಲೋ ಎಣ್ಣೆಗೆ ನೂರು ಕಿಲೋಗೂ ಮೀರಿ ಹೂ ಬೇಕು. ಇದಕ್ಕೆ ‘ಬಟ್ಟಿ ಇಳಿಸುವುದು’ ಎಂದು ಬರೆದರೆ, ಓದಿದ ಗೆಳೆಯರೊಬ್ಬರು ಸಾರಾಯಿ ನೆನಪಾಗುತ್ತದೆ ಎಂದರು. ನನಗೆ ಅದು ಒಪ್ಪಿಗೆಯಿಲ್ಲ. ಮೈಸೂರಿನಲ್ಲಿ ಗಂಧದೆಣ್ಣೆಯನ್ನು ತಲೆಮಾರುಗಳಿಂದ ಬಟ್ಟಿ ಇಳಿಸಿಯೇ ತೆಗೆದಿದ್ದಾರೆ; ‘ಸಾರಭೂತ ತೈಲದ ಆಸವನ’ ಎಂದು ಬರೆದರೆ ಹಬೆಯೂ ಇಲ್ಲ, ಪರಿಮಳವೂ ಇಲ್ಲ. ದವನ ಬೆಳೆದು ಅದರ ಎಣ್ಣೆ ತೆಗೆಸುವ ರೈತರು ನಮ್ಮಲ್ಲೂ ಇದ್ದಾರೆ. ಅವರ ಒಡನಾಟ ಇರುವವರು ದಯವಿಟ್ಟು ತಿಳಿಸಿ: ಆ ಹಂಡೆಗೆ, ಆ ಸುರುಳಿ ಕೊಳವೆಗೆ, ಎಣ್ಣೆ ಬೇರೆಯಾದ ಮೇಲೆ ಉಳಿಯುವ ಘಮದ ನೀರಿಗೆ ಅವರು ಏನೆನ್ನುತ್ತಾರೆ?