ಪ್ರಶ್ನೋತ್ತರ: ಪ್ರೊಬೇಷನ್ ಕಚೇರಿಯಲ್ಲಿ ಮನಶ್ಶಾಸ್ತ್ರಜ್ಞರ ಕೆಲಸ

ಪ್ರಶ್ನೆ (ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ): ಮೇಡಂ, ತಾವು ಇಂಗ್ಲೆಂಡಿನಲ್ಲಿ ಜೈಲಿನಿಂದ ಹೊರಬಂದವರ ಜೊತೆ ಫೊರೆನ್ಸಿಕ್ (ಅಪರಾಧ ಮತ್ತು ನ್ಯಾಯಕ್ಕೆ ಸಂಬಂಧಿಸಿದ) ಮನಶ್ಶಾಸ್ತ್ರಜ್ಞೆಯಾಗಿ ಕೆಲಸ ಮಾಡುತ್ತೀರಿ ಎಂದು ತಿಳಿಯಿತು. ಅವರು ಹೇಳಿದ್ದನ್ನೆಲ್ಲ ಗೋಪ್ಯವಾಗಿಡಲು ಸಾಧ್ಯವೇ? ಇಲ್ಲವೆಂದಾದರೆ ಅವರು ಬಾಯಿ ಬಿಡುವುದಾದರೂ ಏಕೆ?

ಉತ್ತರ: ಸಾಧ್ಯವಿಲ್ಲ, ಮತ್ತು ಅದನ್ನು ಮೊದಲ ಭೇಟಿಯಲ್ಲಿಯೇ ಹೇಳಿಬಿಡಬೇಕು. ಇಲ್ಲಿ ಶಿಕ್ಷೆಯ ಉಳಿದ ಅವಧಿಯನ್ನು ಷರತ್ತುಗಳೊಡನೆ ಹೊರಗೆ ಕಳೆಯುವವರು ಆ ಷರತ್ತುಗಳನ್ನು ಮುರಿದರೆ ಮತ್ತೆ ಜೈಲಿಗೆ ಹೋಗಬೇಕಾಗಬಹುದು. ನನ್ನ ವರದಿಯನ್ನು ಅವರ ಮೇಲೆ ನಿಗಾ ಇಡುವ ಪ್ರೊಬೇಷನ್ ಅಧಿಕಾರಿ ಓದುತ್ತಾರೆ, ಕೆಲವೊಮ್ಮೆ ಬಿಡುಗಡೆಯ ಬಗ್ಗೆ ತೀರ್ಮಾನಿಸುವ ಪರೋಲ್ ಮಂಡಳಿಯೂ ಓದುತ್ತದೆ. ಎದುರಿಗೆ ಕುಳಿತವರ ಹಿತ ಮತ್ತು ಅವರಿಂದ ತೊಂದರೆಗೆ ಒಳಗಾಗಬಹುದಾದವರ ಹಿತ, ಎರಡಕ್ಕೂ ನಾನು ಬಾಧ್ಯಸ್ಥಳು. ಆಪ್ತಸಮಾಲೋಚನೆಯ ತರಬೇತಿ ಪಡೆದು ಬಂದವರಿಗೆ ಮೊದಮೊದಲು ಇದು ಗಂಟಲಲ್ಲಿ ಸಿಕ್ಕಿಕೊಂಡಂತೆ ಅನ್ನಿಸುತ್ತದೆ, ನನಗೂ ಅನ್ನಿಸಿತ್ತು.

ಬಾಯಿ ಬಿಡುವುದೇಕೆ ಎಂದು ಕೇಳಿದಿರಿ. ಒಬ್ಬರ ವಿಷಯ ಹೇಳುತ್ತೇನೆ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಆರು ವಾರಗಳ ಕಾಲ ಅವರು ನನ್ನ ಮುಖ ನೋಡದೆ, ನನ್ನ ಪೆನ್ನು ಕಾಗದದ ಮೇಲೆ ಯಾವಾಗ ಇಳಿಯುತ್ತದೆ ಎಂಬುದನ್ನೇ ನೋಡುತ್ತಿದ್ದರು. ಏಳನೆಯ ವಾರ ಬರಲೇ ಇಲ್ಲ, ಕಡತದಲ್ಲಿ ‘ಸಹಕರಿಸುತ್ತಿಲ್ಲ’ ಎಂದು ದಾಖಲಾಯಿತು. ಆಮೇಲೆ ತಿಳಿದದ್ದೇನೆಂದರೆ, ಭೇಟಿಯ ಸಮಯ ಬದಲಾಗಿದೆ ಎಂಬ ಪತ್ರ ಅವರ ಜೇಬಿನಲ್ಲಿಯೇ ಇತ್ತು; ಓದಲು ಬರುವುದಿಲ್ಲ ಎಂಬುದನ್ನು ಅವರು ಯಾರಿಗೂ ಹೇಳಿರಲಿಲ್ಲ. ನಾನು ಬರೆದಿದ್ದ ಟಿಪ್ಪಣಿಯನ್ನು ಅಂದು ಅವರ ಎದುರೇ ಗಟ್ಟಿಯಾಗಿ ಓದಿ, ತಪ್ಪೆಂದು ಅವರು ತೋರಿಸಿದ ಎರಡು ಸಾಲುಗಳನ್ನು ತಿದ್ದಿದೆ. ಮಾತು ಶುರುವಾದದ್ದು ಅಲ್ಲಿಂದ. ಏನನ್ನು ಬರೆಯುತ್ತಾರೆ ಎಂಬುದು ಗೊತ್ತಿದ್ದರೆ ಮನುಷ್ಯ ಎಷ್ಟು ಹೇಳಬೇಕೆಂದು ತಾನೇ ನಿರ್ಧರಿಸಬಲ್ಲ, ಗೊತ್ತಿಲ್ಲದಿದ್ದರೆ ಏನನ್ನೂ ಹೇಳುವುದಿಲ್ಲ.

ಪ್ರಶ್ನೆ (ವಕೀಲರು, ತುಮಕೂರು): ಚಿಕಿತ್ಸೆಯಿಂದ ಇಂಥವರು ನಿಜವಾಗಿ ಬದಲಾಗುತ್ತಾರೆಯೇ, ಅಥವಾ ನ್ಯಾಯಾಲಯದ ಸಮಾಧಾನಕ್ಕೆ ನಡೆಯುವ ಶಾಸ್ತ್ರವೇ ಇದು?

ಉತ್ತರ: ವಕೀಲರ ಅನುಮಾನಕ್ಕೆ ಆಧಾರವಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಜೈಲುಗಳಲ್ಲಿ ಲೈಂಗಿಕ ಅಪರಾಧಿಗಳಿಗಾಗಿ ವರ್ಷಗಟ್ಟಲೆ ನಡೆದ ಒಂದು ಗುಂಪು ಚಿಕಿತ್ಸೆಯನ್ನು ನ್ಯಾಯ ಇಲಾಖೆಯೇ ಪರಿಶೀಲಿಸಿ 2017ರಲ್ಲಿ ವರದಿ ಪ್ರಕಟಿಸಿತು. ಚಿಕಿತ್ಸೆ ಪಡೆದ 2,562 ಮಂದಿಯಲ್ಲಿ ಶೇ. 10ರಷ್ಟು ಜನ ಮತ್ತೆ ಲೈಂಗಿಕ ಅಪರಾಧ ಎಸಗಿದ್ದರೆ, ಚಿಕಿತ್ಸೆ ಪಡೆಯದ ಹೋಲಿಕೆಯ ಗುಂಪಿನಲ್ಲಿ ಆ ಪ್ರಮಾಣ ಶೇ. 8 ಮಾತ್ರವಿತ್ತು. ಆ ಕಾರ್ಯಕ್ರಮವನ್ನು ಕೈಬಿಟ್ಟು ಬೇರೆಯವನ್ನು ತಂದರು. ನಮ್ಮ ವೃತ್ತಿಯವರಿಗೆ ಇದಕ್ಕಿಂತ ಮುಜುಗರದ ಅಂಕಿ ಇನ್ನೊಂದಿಲ್ಲ, ಆದರೂ ಅದನ್ನು ಮುಚ್ಚಿಡದೆ ಅಳೆದು ಪ್ರಕಟಿಸಿದ್ದನ್ನು ನಾನು ಗೌರವಿಸುತ್ತೇನೆ.

ಹಾಗೆಂದು ಎಲ್ಲವೂ ವ್ಯರ್ಥವೆಂದಲ್ಲ. ಆಂಡ್ರೂಸ್, ಬೊಂಟಾ ಮತ್ತು ಹೋಜ್ ಎಂಬ ಕೆನಡಾದ ಮನಶ್ಶಾಸ್ತ್ರಜ್ಞರು 1990ರಲ್ಲಿ ಮಂಡಿಸಿದ ತತ್ತ್ವವನ್ನು ಇಂದಿಗೂ ಅನುಸರಿಸುತ್ತೇವೆ: ಮತ್ತೆ ಅಪರಾಧ ಎಸಗುವ ಅಪಾಯ ಹೆಚ್ಚಿರುವವರೊಡನೆ ಹೆಚ್ಚು ಕೆಲಸ, ಅಪರಾಧಕ್ಕೆ ನೇರವಾಗಿ ಸಂಬಂಧಿಸಿದ ಕುಡಿತ, ಸಹವಾಸ, ಆಲೋಚನಾ ಕ್ರಮಗಳ ಮೇಲೆ ಗಮನ, ಕಲಿಸುವ ರೀತಿ ಆ ವ್ಯಕ್ತಿಗೆ ಹೊಂದುವಂತಿರಬೇಕು. ಅಪಾಯ ಕಡಿಮೆಯಿರುವ ಹುಡುಗನನ್ನು ಅಪರಾಧದಲ್ಲಿ ಪಳಗಿದವರ ಗುಂಪಿನಲ್ಲಿ ಕೂರಿಸಿದರೆ ಅವನು ಕೆಡುವ ಸಂಭವವೇ ಹೆಚ್ಚು. ಓದಲು ಬಾರದವರ ಕೈಗೆ ಅಭ್ಯಾಸ ಪುಸ್ತಕ ಕೊಡುವುದೂ ಇದೇ ಜಾತಿಯ ತಪ್ಪು.

ಪ್ರಶ್ನೆ (ಅದೇ ವಿದ್ಯಾರ್ಥಿನಿ): ಕರ್ನಾಟಕದಲ್ಲಿ ಇಂಥ ಕೆಲಸಕ್ಕೆ ಅವಕಾಶವಿದೆಯೇ? ಈಗಿನಿಂದಲೇ ಏನನ್ನು ಕಲಿಯಲಿ?

ಉತ್ತರ: ಕಾನೂನಿನ ಬಾಗಿಲು 1958ರ ಅಪರಾಧಿಗಳ ಪರಿವೀಕ್ಷಣಾ (ಪ್ರೊಬೇಷನ್) ಅಧಿನಿಯಮದಿಂದಲೇ ತೆರೆದಿದೆ. ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುಗಡೆ ಮಾಡಲು ಅದರ 4ನೆಯ ಪ್ರಕರಣ (ಸೆಕ್ಷನ್) ಅವಕಾಶ ಕೊಡುತ್ತದೆ. 21 ವರ್ಷದೊಳಗಿನವರನ್ನು ಕಾರಣ ದಾಖಲಿಸದೆ ಜೈಲಿಗೆ ಕಳುಹಿಸುವುದನ್ನು 6ನೆಯ ಪ್ರಕರಣ ತಡೆಯುತ್ತದೆ, ಜೀವಾವಧಿ ಶಿಕ್ಷೆಯ ಅಪರಾಧಗಳು ಅದಕ್ಕೆ ಹೊರತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಕೆಲವು ಸಣ್ಣ ಅಪರಾಧಗಳಿಗೆ ಸಮುದಾಯ ಸೇವೆಯನ್ನೂ ಶಿಕ್ಷೆಯಾಗಿ ಸೇರಿಸಿದೆ. ಆದರೆ 1958ರ ಕಾಯ್ದೆ ಹೊಣೆ ಹೊರಿಸಿರುವುದು ಪರಿವೀಕ್ಷಣಾಧಿಕಾರಿಯ ಮೇಲೆ, ಕೆಲಸ ಹುಡುಕಿಕೊಡಲು ಪ್ರಯತ್ನಿಸುವ ಹೊಣೆಯೂ ಅದರಲ್ಲಿ ಸೇರಿದೆ. ಮನಶ್ಶಾಸ್ತ್ರಜ್ಞರ ಹುದ್ದೆಯ ಮಾತು ಅಲ್ಲಿಲ್ಲ. ಆದ್ದರಿಂದ ನಿಮ್ಮ ಜಿಲ್ಲೆಯ ಪರಿವೀಕ್ಷಣಾಧಿಕಾರಿಯ ಪರಿಚಯ ಮಾಡಿಕೊಳ್ಳಿ. ಇಂಗ್ಲೆಂಡಿಗೆ ಬರುವುದಾದರೆ ‘ಫೊರೆನ್ಸಿಕ್ ಸೈಕಾಲಜಿಸ್ಟ್’ ಎಂಬ ಹೆಸರನ್ನು ಹೆಲ್ತ್ ಅಂಡ್ ಕೇರ್ ಪ್ರೊಫೆಷನ್ಸ್ ಕೌನ್ಸಿಲ್‌ನಲ್ಲಿ ನೋಂದಣಿಯಿಲ್ಲದೆ ಬಳಸುವಂತಿಲ್ಲ ಎಂಬುದು ನೆನಪಿರಲಿ.

ಕಲಿಯುವುದರಲ್ಲಿ ಮೊದಲನೆಯದು ವರದಿ ಬರೆಯುವುದು. ‘ಈತ ಅಪಾಯಕಾರಿ’ ಎಂದು ಬರೆದರೆ ನ್ಯಾಯಾಧೀಶರಿಗೆ ಏನೂ ತಿಳಿಯುವುದಿಲ್ಲ. ಯಾರಿಗೆ, ಎಂಥ ಸಂದರ್ಭದಲ್ಲಿ, ಯಾವ ಬಗೆಯ ಅಪಾಯ, ಅದು ಹತ್ತಿರವಾಗುತ್ತಿದೆ ಎಂಬುದಕ್ಕೆ ಮುನ್ಸೂಚನೆ ಏನು ಎಂದು ಬರೆಯಬೇಕು: ಕೆಲಸ ಹೋದ ವಾರ ಕುಡಿತ ಶುರುವಾಗುತ್ತದೆ, ಕುಡಿದಾಗ ಮಾಜಿ ಹೆಂಡತಿಯ ಮನೆಗೆ ಹೋಗುತ್ತಾರೆ. ಇಷ್ಟು ಗೊತ್ತಿದ್ದರೆ ಅಧಿಕಾರಿ ಕೆಲಸ ಹೋದ ದಿನವೇ ಫೋನು ಮಾಡಬಹುದು.