ಅಜ್ಜನ ಮೇವಿನ ರಸೀದಿ ಮೋಡಿ ಲಿಪಿಯಲ್ಲಿದೆ: ಅರಣ್ಯ ಹಕ್ಕಿನ ಅರ್ಜಿಗೆ ಅದು ನಡೆಯುತ್ತದೆಯೇ?

ಗೌಳಿವಾಡದವ, ಖಾನಾಪುರ ತಾಲ್ಲೂಕು

ಬಲ್ಲವರು ದಾರಿ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ. ನಮ್ಮದು ಜಾಂಬೋಟಿಯಿಂದ ಒಳಕ್ಕೆ ಕಾಡಿನಲ್ಲಿರುವ ಗೌಳಿವಾಡ, ಎಮ್ಮೆ ಸಾಕುವ ಗೌಳಿಗಳ ಹಟ್ಟಿ. ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿ ಕೆಲಸಕ್ಕಿದ್ದೇನೆ. ಅಪ್ಪ, ಅವ್ವ, ಅಣ್ಣ ಊರಿನಲ್ಲೇ ಎಮ್ಮೆ ಕಟ್ಟಿಕೊಂಡು, ಖವಾ ಕಾಸಿ ಮಾರಿ ಬದುಕುತ್ತಾರೆ. ಮನೆಯಲ್ಲಿ ಆಡುವುದು ನಮ್ಮ ಗೌಳಿ ಮಾತು, ಮರಾಠಿಗೆ ಹತ್ತಿರದ್ದು. ನಾನು ಓದಿದ್ದು ಕನ್ನಡ ಶಾಲೆಯಲ್ಲಿ.

ಮನೆ, ಕೊಟ್ಟಿಗೆ ಮತ್ತು ಅದರ ಹಿಂದಿನ ಎರಡೂವರೆ ಎಕರೆ ಗದ್ದೆಗೆ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದ್ದೆವು. ಕಳೆದ ತಿಂಗಳು ಹಿಂಬರಹ ಬಂತು. ಅದರಲ್ಲಿ ಇರುವುದು ಒಂದೇ ಸಾಲು: ಎಪ್ಪತ್ತೈದು ವರ್ಷಗಳ ವಾಸಕ್ಕೆ ದಾಖಲೆ ಹಾಜರುಪಡಿಸದ ಕಾರಣ ಅರ್ಜಿಯನ್ನು ತಿರಸ್ಕರಿಸಿದೆ. ವಾಡದ ಬೇರೆ ಮನೆಗಳಿಗೂ ಅದೇ ಸಾಲು, ಹೆಸರು ಮಾತ್ರ ಬೇರೆ.

ನಮ್ಮ ಮನೆಯ ಟ್ರಂಕಿನಲ್ಲಿ ಅಜ್ಜ ಕಾಪಿಟ್ಟ ಒಂದು ಕಾಗದವಿದೆ. ಅಂಗೈಯಗಲದ ಹಳದಿ ಚೀಟಿ, ಮಡಿಕೆಯ ಮೇಲೆ ಹರಿದಿದೆ. ಮೇಲ್ಗಡೆ ಮುಂಬಯಿ ಸರ್ಕಾರದ ಅರಣ್ಯ ಇಲಾಖೆ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿದೆ. ಕೆಳಗೆ ಶಾಯಿಯಲ್ಲಿ, ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿ, ಅಜ್ಜನ ಹೆಸರು, ಹದಿನೆಂಟು ಎಮ್ಮೆಗಳ ಮೇವಿನ ಶುಲ್ಕ, 1941ನೆಯ ಇಸವಿ. ಬೆಳಗಾವಿಯಲ್ಲಿ ಮೋಡಿ ಬಲ್ಲ ಹಿರಿಯರೊಬ್ಬರು ಭೂತಗನ್ನಡಿ ಹಿಡಿದು ಓದಿ ಹೇಳಿದರು. ಅರ್ಜಿ ಹಾಕುವಾಗ ಇದು ದಾಖಲೆಯಾಗುತ್ತದೆ ಎಂದು ಯಾರೂ ನಮಗೆ ಹೇಳಿರಲಿಲ್ಲ.

ಈಗ ಈ ಚೀಟಿಯ ಸುದ್ದಿ ಊರೆಲ್ಲ ಹಬ್ಬಿ, ರಾಜಕೀಯದವರ ಕೈಗೆ ಸಿಕ್ಕಿದೆ. ಒಂದು ಕಡೆಯ ಮುಖಂಡರು ಸಭೆಯಲ್ಲಿ, ‘ಮಹಾರಾಷ್ಟ್ರದ ಕಾಗದ ಹಿಡಿದುಕೊಂಡು ಬಂದು ಕರ್ನಾಟಕದ ಕಾಡು ಕೇಳುತ್ತಾರೆ, ಇವರು ಹೊರಗಿನವರು’ ಎಂದರು. ಇನ್ನೊಂದು ಕಡೆಯವರು ನಮ್ಮ ಮನೆಗೇ ಬಂದು ಚೀಟಿಯ ಫೋಟೊ ಕೇಳಿದರು. ನಮ್ಮ ಗದ್ದೆಯ ಮಾತನ್ನು ಅವರು ಎತ್ತಲೇ ಇಲ್ಲ. ಈ ಭಾಗ ಹಿಂದೆ ಮರಾಠಿ ಮುಲುಕು ಎಂಬುದಕ್ಕೆ ಇದು ಪುರಾವೆಯಂತೆ, ಫಲಕದ ಮೇಲೆ ದೊಡ್ಡದಾಗಿ ಹಾಕಿಸುತ್ತಾರಂತೆ. ಅಪ್ಪ ಕೊಡಲಿಲ್ಲ. ಆದರೆ ವಾಡದಲ್ಲಿ ಎರಡು ಪಂಗಡವಾಗಿದೆ. ದಸರೆಗೆ ಒಟ್ಟಿಗೆ ಕುಣಿಯುವ ಮನೆಗಳವರು ಈಗ ಅರಣ್ಯ ಹಕ್ಕು ಸಮಿತಿಯ ಸಭೆಯಲ್ಲಿ ಒಂದೇ ಚಾಪೆಯ ಮೇಲೆ ಕೂರುವುದಿಲ್ಲ.

ಮುಂದೇನು ಮಾಡಬೇಕು? ಈ ಕಾಗದ ನಡೆಯುತ್ತದೆಯೇ? ಅಪ್ಪನಿಗೆ ಎಬ್ಬಿಸಿಬಿಡುತ್ತಾರೆಂಬ ಭಯ. ರಾತ್ರಿ ಜೀಪಿನ ಸದ್ದಾದರೆ ಎದ್ದು ಕೂರುತ್ತಾರೆ.

ನಿವೃತ್ತ ಶಿರಸ್ತೇದಾರ, ವಿಜಯಪುರ

ತಮ್ಮಾ, ಮೊದಲು ಅಪ್ಪನ ಭಯದ ಮಾತು. ಕಾಯ್ದೆಯ 4ನೇ ಕಲಮಿನ 5ನೇ ಉಪಕಲಮು ಸ್ಪಷ್ಟವಾಗಿದೆ: ಹಕ್ಕಿನ ಪರಿಶೀಲನೆ ಪೂರ್ತಿ ಮುಗಿಯುವವರೆಗೆ ಅರಣ್ಯವಾಸಿಯನ್ನು ಅವನ ಸ್ವಾಧೀನದ ಜಾಗದಿಂದ ಎಬ್ಬಿಸುವಂತಿಲ್ಲ. ತಿರಸ್ಕೃತರನ್ನು ತೆರವುಗೊಳಿಸಬೇಕೆಂದು ಸುಪ್ರೀಂ ಕೋರ್ಟ್ 2019ರ ಫೆಬ್ರುವರಿ 13ರಂದು ಆದೇಶಿಸಿತ್ತು, ನಿಜ. ಅದೇ ತಿಂಗಳ 28ರಂದು ಆ ಆದೇಶಕ್ಕೆ ತಡೆಯನ್ನೂ ಕೊಟ್ಟಿತು. ಹೆದರಿಸುವವರು ಮೊದಲನೆಯ ತಾರೀಖು ಹೇಳಿ ಎರಡನೆಯದನ್ನು ನುಂಗುತ್ತಾರೆ.

ಕಾಗದದ ವಿಷಯ. ನಾನು ಕಂದಾಯ ಇಲಾಖೆಯಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವನು, ಖಾನಾಪುರದಲ್ಲೂ ಕೆಲವು ವರ್ಷ ಇದ್ದೆ. ಬೆಳಗಾವಿ, ವಿಜಯಪುರ, ಧಾರವಾಡ, ಉತ್ತರ ಕನ್ನಡ, ಈ ನಾಲ್ಕೂ 1956ರ ನವೆಂಬರ್ 1ರವರೆಗೆ ಮುಂಬಯಿ ಆಡಳಿತದಲ್ಲಿದ್ದವು. ನಮ್ಮ ಮನೆಯ ಹಳೆಯ ಜಮೀನಿನ ಕಾಗದದ ಮೇಲೂ ಮುಂಬಯಿ ಸರ್ಕಾರದ ಹೆಸರೇ ಇದೆ. ನಾವು ಮಹಾರಾಷ್ಟ್ರದವರಾಗಿಬಿಟ್ಟೆವೇ? 1941ರಲ್ಲಿ ನಿಮ್ಮ ಅಜ್ಜ ಶುಲ್ಕವನ್ನು ಇನ್ಯಾವ ಸರ್ಕಾರಕ್ಕೆ ಕಟ್ಟಬೇಕಿತ್ತು? ಸಭೆಯಲ್ಲಿ ಹಾಗೆ ಮಾತನಾಡಿದವರಿಗೆ ತಮ್ಮದೇ ಜಿಲ್ಲೆಯ ಚರಿತ್ರೆ ತಿಳಿಯದು. ಫೋಟೊ ಕೇಳಲು ಬಂದವರಿಗೆ ತಿಳಿದಿದೆ, ಹೇಳುವ ಮನಸ್ಸಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿಯೇ. ಆ ಚೀಟಿ ಒಬ್ಬ ಬಡ ಗೌಳಿ ಸರ್ಕಾರಕ್ಕೆ ಕಟ್ಟಿದ ಹಣದ ರಸೀದಿ. ಅದರ ಮೇಲೆ ಮೊದಲ ಅಧಿಕಾರ ಅವನ ಮೊಮ್ಮಕ್ಕಳದು.

ಈಗ ನಿಯಮ. ಅರಣ್ಯ ಹಕ್ಕು ಕಾಯ್ದೆಯಡಿ ಮಾಡಿದ ನಿಯಮಾವಳಿಯ 13ನೇ ನಿಯಮದ ಪುರಾವೆಗಳ ಪಟ್ಟಿಯಲ್ಲಿ ಅರಣ್ಯ ಇಲಾಖೆಯ ದಾಖಲೆಗಳು ಸೇರಿವೆ. ಭಾಷೆ, ಲಿಪಿಯ ಮಾತೇ ಅಲ್ಲಿಲ್ಲ. ನಕಲಿನ ಜೊತೆಗೆ ಮೋಡಿ ಓದಿದ ಹಿರಿಯರಿಂದ ಕನ್ನಡದಲ್ಲಿ ಲಿಪ್ಯಂತರ ಬರೆಸಿ, ಅವರ ಸಹಿ ಹಾಕಿಸಿ.

ಆದರೆ ಒಂದು ತೊಡಕಿದೆ, ಈಗಲೇ ಹೇಳಿಬಿಡುತ್ತೇನೆ. ನೀವು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಇಲ್ಲದ ಕಾರಣ ‘ಇತರೆ ಪಾರಂಪರಿಕ ಅರಣ್ಯವಾಸಿ’ ಎಂಬ ವರ್ಗಕ್ಕೆ ಬರುತ್ತೀರಿ. 2005ರ ಡಿಸೆಂಬರ್ 13ಕ್ಕೆ ಹಿಂದೆ ಮೂರು ತಲೆಮಾರು, ತಲೆಮಾರಿಗೆ ಇಪ್ಪತ್ತೈದು ವರ್ಷದಂತೆ ಲೆಕ್ಕ. ಅಂದರೆ 1930ಕ್ಕೆ ಹೋಗಬೇಕು. ನಿಮ್ಮ ಚೀಟಿ 1941ರದು. ಉಳಿದ ಹನ್ನೊಂದು ವರ್ಷವನ್ನು ಬೇರೆ ಪುರಾವೆಯಿಂದ ತುಂಬಬೇಕು. ಅದೇ 13ನೇ ನಿಯಮದಲ್ಲಿ ಹಳೆಯ ಬಾವಿ, ಸ್ಮಶಾನ, ದೇವರ ಜಾಗ, ವಂಶವೃಕ್ಷ, ಅರ್ಜಿದಾರರಲ್ಲದ ಹಿರಿಯರ ಲಿಖಿತ ಹೇಳಿಕೆ, ಇವೆಲ್ಲವೂ ಇವೆ. ಪಕ್ಕದ ಊರಿನ ತೊಂಬತ್ತರ ಅಜ್ಜಿಯೊಬ್ಬರು ‘ಇವರ ಮುತ್ತಜ್ಜ ಇಲ್ಲೇ ಇದ್ದರೆಂದು ನಮ್ಮವ್ವ ಹೇಳುತ್ತಿದ್ದಳು’ ಎಂದರೆ ಅದನ್ನು ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಿ. ಹದಿನೆಂಟು ಎಮ್ಮೆಯ ಹಿಂಡು ಒಂದೆರಡು ವರ್ಷದಲ್ಲಿ ಆಗುವಂಥದ್ದಲ್ಲ, ಅದನ್ನೂ ಗ್ರಾಮಸಭೆಯ ಠರಾವಿನಲ್ಲಿ ಕಾಣಿಸಿ. ಮತ್ತೊಂದು ಮಾತು: ಎಪ್ಪತ್ತೈದು ವರ್ಷ ಎಂಬುದು ಕಾಡಿನಲ್ಲಿ ವಾಸ ಮತ್ತು ಕಾಡಿನ ಮೇಲಿನ ಅವಲಂಬನೆಯ ಲೆಕ್ಕ. ಅದೇ ಎರಡೂವರೆ ಎಕರೆಯನ್ನು 1930ರಿಂದ ಉಳುತ್ತಿದ್ದೀರಿ ಎಂದು ತೋರಿಸುವ ಅಗತ್ಯವಿಲ್ಲ. ಗದ್ದೆ 2005ರ ಆ ತಾರೀಖಿಗೆ ಮೊದಲಿನಿಂದ ನಿಮ್ಮ ಸ್ವಾಧೀನದಲ್ಲಿದ್ದರೆ ಸಾಕು.

ಇನ್ನು ಆ ಒಂದು ಸಾಲಿನ ಹಿಂಬರಹ. 2012ರ ತಿದ್ದುಪಡಿಯಲ್ಲಿ ಸೇರಿದ 12ಎ ನಿಯಮದ ಪ್ರಕಾರ ತಿರಸ್ಕರಿಸುವಾಗ ವಿವರವಾದ ಕಾರಣ ಕೊಡಬೇಕು, ಇಂಥದ್ದೇ ದಾಖಲೆ ಬೇಕೆಂದು ಹಟ ಹಿಡಿಯುವಂತಿಲ್ಲ, ಅರ್ಜಿ ಅಪೂರ್ಣವಾಗಿದ್ದರೆ ಗ್ರಾಮಸಭೆಗೆ ವಾಪಸು ಕಳಿಸಬೇಕು. ಹಿಂಬರಹ ಕೈಸೇರಿದ ಅರವತ್ತು ದಿನದೊಳಗೆ ಮೇಲ್ಮನವಿ ಸಲ್ಲಿಸಬೇಕು. ಉಪವಿಭಾಗ ಮಟ್ಟದ ಸಮಿತಿ ತಿರಸ್ಕರಿಸಿದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ಸಮಿತಿಗೆ. ನಿಮ್ಮಲ್ಲಿ ಆಗಲೇ ಒಂದು ತಿಂಗಳು ಕಳೆದಿದೆ. ಭಾಷಣ ಮಾಡಿದವರಿಗೆ ಉತ್ತರ ಕೊಡುವ ಕೆಲಸ ಆಮೇಲೆ ಇಟ್ಟುಕೊಳ್ಳಿ.

ಕನ್ನಡ ಕಾರ್ಯಕರ್ತ, ಬೆಳಗಾವಿ

ನಾನು ಕನ್ನಡ ಸಂಘಟನೆಯಲ್ಲಿ ದುಡಿಯುವವನು. ನವೆಂಬರ್ 1ರಂದು ಈ ಊರಿನಲ್ಲಿ ಒಂದು ಕಡೆ ರಾಜ್ಯೋತ್ಸವದ ಮೆರವಣಿಗೆ, ಇನ್ನೊಂದು ಕಡೆ ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕೆನ್ನುವವರ ಕರಾಳ ದಿನದ ಮೆರವಣಿಗೆ ನಡೆಯುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಬೆಳಗಾವಿ ಕರ್ನಾಟಕದ್ದು, ಗಡಿ ವಿವಾದದ ಬಗೆಗಿನ ಮಹಾಜನ್ ಆಯೋಗದ ವರದಿ 1967ರಲ್ಲೇ ಹೇಳಿದೆ. ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರೂ ನನ್ನ ನಿಲುವು ಕದಲುವುದಿಲ್ಲ. ಅದಕ್ಕೇ ಹೇಳುತ್ತೇನೆ: ಇದು ಕರ್ನಾಟಕದ ನೆಲವಾದರೆ ಇಲ್ಲಿ ನಾಲ್ಕು ತಲೆಮಾರು ಬಾಳಿದ ಗೌಳಿ ಕರ್ನಾಟಕದವನೇ. ಅವನನ್ನು ಹೊರಗಿನವನು ಎಂದವರು ಎದುರು ಪಕ್ಷದ ವಾದಕ್ಕೆ ನಾವೇ ಸಾಕ್ಷಿ ಒದಗಿಸಿದಂತೆ ಮಾಡಿದ್ದಾರೆ. ನಮ್ಮ ಸಂಘಟನೆಯ ಸಭೆಯಲ್ಲಿ ಇದನ್ನು ನಾನೇ ಎತ್ತುತ್ತೇನೆ.

ಆದರೆ ನನಗೊಂದು ಆತಂಕವಿದೆ, ಅದನ್ನು ಮುಚ್ಚಿಡುವುದಿಲ್ಲ. ಮಲಪ್ರಭೆ ಹುಟ್ಟುವುದು ಕಣಕುಂಬಿಯಲ್ಲಿ. ಮಹಾದಾಯಿಯ ಹುಟ್ಟು ಭೀಮಗಡದ ಕಾಡಿನಲ್ಲಿ. 2011ರಲ್ಲಿ ಆ 190 ಚದರ ಕಿಲೋಮೀಟರನ್ನು ಅಭಯಾರಣ್ಯ ಎಂದು ಘೋಷಿಸಿದಾಗ ನಾವೆಲ್ಲ ಸಂತೋಷಪಟ್ಟೆವು. ಹುಬ್ಬಳ್ಳಿ-ಧಾರವಾಡದ ನಲ್ಲಿಗೆ ನೀರು ಬರುವುದು ಈ ಕಾಡು ಉಳಿದಿರುವುದರಿಂದ. ಹಕ್ಕುಪತ್ರದ ಹೆಸರಿನಲ್ಲಿ ಪೇಟೆಯ ದುಡ್ಡಿರುವವರು ಒಳಗೆ ನುಗ್ಗಿ ತೋಟದ ಮನೆ ಕಟ್ಟಿಸಿದರೆ ತಡೆಯುವವರು ಯಾರು? ಭೀಮಗಡದೊಳಗಿನ ತಳೇವಾಡಿಯಲ್ಲಿ ಕುಟುಂಬಕ್ಕೆ ಹದಿನೈದು ಲಕ್ಷ ಕೊಟ್ಟು ಸ್ಥಳಾಂತರಿಸುವ ಯೋಜನೆ ಇದೆಯಲ್ಲ, ಮಳೆಗಾಲದಲ್ಲಿ ರೋಗಿಯನ್ನು ಹೆಗಲ ಮೇಲೆ ಹೊತ್ತು ತರುವ ಊರುಗಳಿಗೆ ಅದು ಒಳ್ಳೆಯದಲ್ಲವೇ?

ನಿವೃತ್ತ ಶಿರಸ್ತೇದಾರ, ವಿಜಯಪುರ

ನಿಮ್ಮ ಆತಂಕ ನ್ಯಾಯವಾದದ್ದೇ. ಅದಕ್ಕೆ ಕಾಯ್ದೆಯಲ್ಲೇ ಬೇಲಿ ಇದೆ. ಈ ಹಕ್ಕು ವಾರಸುದಾರರಿಗೆ ಹೋಗುತ್ತದೆ, ಮಾರಲು ಬರುವುದಿಲ್ಲ. ನಾಲ್ಕು ಹೆಕ್ಟೇರು ಮೀರುವಂತಿಲ್ಲ. ಪೇಟೆಯವನು ಕೊಂಡುಕೊಂಡರೆ ಅದು ಊರ್ಜಿತವಲ್ಲ. ಸ್ಥಳಾಂತರಕ್ಕೆ ಮನಸ್ಸಿರುವವರು ಹೋಗಲಿ, ಅದು ಅವರಿಷ್ಟ. ಆದರೆ ಹಕ್ಕು ಇತ್ಯರ್ಥವಾಗದೆ ಹೊರಟವನು ಏನನ್ನು ಬಿಟ್ಟುಕೊಟ್ಟ ಎಂಬುದಕ್ಕೆ ಲೆಕ್ಕವೇ ಇರುವುದಿಲ್ಲ. ರೋಗಿಯನ್ನು ಹೊರುವ ಊರಿಗೆ ರಸ್ತೆ ಮಾಡಲೂ ದಾರಿಯಿದೆ: 3ನೇ ಕಲಮಿನ 2ನೇ ಉಪಕಲಮಿನಲ್ಲಿ ರಸ್ತೆ, ಶಾಲೆ, ಅಂಗನವಾಡಿ, ಕುಡಿಯುವ ನೀರು ಸೇರಿ ಹದಿಮೂರು ಸೌಲಭ್ಯಗಳಿಗೆ, ಒಂದೊಂದಕ್ಕೆ ಒಂದು ಹೆಕ್ಟೇರಿನೊಳಗೆ, ಗ್ರಾಮಸಭೆಯ ಶಿಫಾರಸಿನ ಮೇಲೆ ಅರಣ್ಯಭೂಮಿ ಕೊಡಬಹುದು.

ಸಿದ್ದಿ ಹೆಣ್ಣುಮಗಳು, ನಂದಗಡದ ಕಡೆ

ಅಣ್ಣಾ, ನಿಮ್ಮ ವಾಡದಲ್ಲಿ ಕನ್ನಡ-ಮರಾಠಿ ಎಂದು ಒಡೆದಂತೆ ನಮ್ಮ ಕಡೆ ಬೇರೆ ರೀತಿ ಒಡೆಯುತ್ತಾರೆ. ಚುನಾವಣೆ ಹತ್ತಿರ ಬಂದರೆ ನಮ್ಮ ಕೇರಿಗೆ ಬಂದು, ‘ಗೌಳಿಗಳಿಗೆ ಹಕ್ಕುಪತ್ರ ಸಿಕ್ಕರೆ ನಿಮ್ಮ ಪಾಲು ಹೋಯಿತು’ ಎನ್ನುತ್ತಾರೆ. ನಮ್ಮ ಮಾವನವರೂ ಅದನ್ನು ನಂಬಿದ್ದರು. ಇದು ಶುದ್ಧ ಸುಳ್ಳು. ನೌಕರಿಯ ಮೀಸಲಾತಿಯಲ್ಲಿ ಇಷ್ಟೇ ಸ್ಥಾನ ಎಂದಿರುತ್ತದೆ, ಅರಣ್ಯ ಹಕ್ಕಿನಲ್ಲಿ ಹಾಗಿಲ್ಲ. ಅವರವರು ಕೂತ ಜಾಗ ಅವರವರಿಗೆ. ಗೌಳಿಯ ಗದ್ದೆ ಅವನ ಹೆಸರಿಗಾದರೆ ನನ್ನ ಗದ್ದೆಯ ಒಂದು ಬದುವೂ ಅತ್ತಿತ್ತ ಆಗುವುದಿಲ್ಲ.

ಪಟ್ಟಿಯ ಕಷ್ಟ ಏನೆಂದು ನಮಗೆ ಗೊತ್ತು. ಹಳಿಯಾಳದಲ್ಲಿರುವ ನನ್ನ ಸೋದರತ್ತೆಯ ಮಕ್ಕಳು 2003ರಿಂದ ಪರಿಶಿಷ್ಟ ಪಂಗಡ, ಉತ್ತರ ಕನ್ನಡ ಜಿಲ್ಲೆಯವರೆಂದು. ಜಿಲ್ಲೆಯ ಗಡಿಯ ಈಚೆಗಿರುವ ನಾವು ಅಲ್ಲ. ಅದೇ ರಕ್ತ, ಅದೇ ಡಮಾಮಿ ಕುಣಿತ. ಬೆಳಗಾವಿ, ಧಾರವಾಡದ ಸಿದ್ದಿಗಳನ್ನು ಸೇರಿಸಿದ್ದು 2020ರಲ್ಲಿ. ಅಲ್ಲಿಯವರೆಗೆ ನಮ್ಮನ್ನೂ ಎಪ್ಪತ್ತೈದು ವರ್ಷದ ಕಾಗದ ಕೇಳುತ್ತಿದ್ದರು. ಕಾಗದ ಎಲ್ಲಿಂದ ತರುವುದು? ನಮ್ಮ ಅಜ್ಜನನ್ನು ಕೂಲಿಗೆ ಕರೆದವರು ರಸೀದಿ ಕೊಟ್ಟಿದ್ದಾರೆಯೇ? ರಾಯಣ್ಣನ ಜೊತೆ ಈ ಕಾಡಿನಲ್ಲಿ ಹೋರಾಡಿದ ಗಜವೀರ ಸಿದ್ದಿ ಎಂದು ಪ್ರತಿ ಜಯಂತಿಯಲ್ಲೂ ವೇದಿಕೆಯಿಂದ ಹೊಗಳುತ್ತಾರೆ. ಇಳಿದ ಮೇಲೆ ನಮ್ಮ ಅರ್ಜಿ ಎಲ್ಲಿದೆ ಎಂದು ಕೇಳಿದರೆ ಕಾರು ಹತ್ತುತ್ತಾರೆ.

ನಾವು ಕೇರಿಯಲ್ಲಿ ಮಾಡಿದ್ದನ್ನು ಹೇಳುತ್ತೇನೆ. ಗ್ರಾಮಸಭೆಗೆ ಅರ್ಧದಷ್ಟು ಸದಸ್ಯರು ಬರಬೇಕು, ಬಂದವರಲ್ಲಿ ಮೂರನೇ ಒಂದು ಪಾಲು ಹೆಂಗಸರಿರಬೇಕು ಎಂಬ ನಿಯಮವಿದೆ. ಗಂಡಸರು ಪಕ್ಷದ ಮೇಲೆ ಜಗಳವಾಡಿ ಸಭೆಗೆ ಬರದೆ ಉಳಿದಾಗ ಹೆಂಗಸರು ಮನೆಮನೆಗೆ ಹೋದೆವು. ಹಕ್ಕುಪತ್ರ ಗಂಡ-ಹೆಂಡತಿ ಇಬ್ಬರ ಹೆಸರಿಗೂ ಆಗುತ್ತದೆ ಎಂದು ಒಬ್ಬೊಬ್ಬರಿಗೂ ಹೇಳಿದೆವು. ಆ ಮಾತು ಕೇಳಿದ ಮೇಲೆ ಯಾವ ಹೆಂಗಸೂ ಮನೆಯಲ್ಲಿ ಕೂರಲಿಲ್ಲ, ಗಂಡಂದಿರೂ ಹಿಂದೆ ಬಂದರು. ನಿಮ್ಮ ಅವ್ವನಿಂದ ಶುರು ಮಾಡಿಸಿ. ಪಕ್ಷದ ಶಾಲು ಹೊದ್ದು ಬಂದವರಿಗೆ ಶಾಲು ತೆಗೆದಿಟ್ಟು ಕೂರಲು ಹೇಳಿ, ಅಷ್ಟು ಹೇಳುವ ಅಧಿಕಾರ ಸಭೆಗಿದೆ.

ಗೌಳಿವಾಡದವ, ಖಾನಾಪುರ ತಾಲ್ಲೂಕು

ಎಲ್ಲರಿಗೂ ಕೈಮುಗಿಯುತ್ತೇನೆ. ಫೆಬ್ರುವರಿ 28ರ ತಡೆಯ ವಿಷಯವನ್ನು ರಾತ್ರಿಯೇ ಫೋನಿನಲ್ಲಿ ಅಪ್ಪನಿಗೆ ಹೇಳಿದೆ. ಎರಡು ಸಲ ಕೇಳಿ ಖಚಿತ ಮಾಡಿಕೊಂಡರು.

ಅಕ್ಕಾ, ಅವ್ವನೂ ಅತ್ತಿಗೆಯೂ ಎದುರು ಪಂಗಡದ ಮನೆಗಳಿಗೆ ಹೋಗಿ ಬಂದಿದ್ದಾರೆ. ನಿಮ್ಮ ಮಾತು ನಿಜ, ಇಬ್ಬರ ಹೆಸರಿಗೂ ಆಗುತ್ತದೆ ಎಂಬುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬರುವ ಭಾನುವಾರ ದೇವರ ಕಟ್ಟೆಯ ಬಳಿ ಸಭೆ ಸೇರುತ್ತಿದ್ದೇವೆ. ಆ ಕಟ್ಟೆಯನ್ನೇ ಪುರಾವೆಗಳ ಪಟ್ಟಿಗೆ ಸೇರಿಸಬಹುದಲ್ಲವೇ?

ಸರ್, ಒಂದು ಸಂದೇಹ. ಹಿರಿಯರ ಹೇಳಿಕೆ ತೆಗೆದುಕೊಳ್ಳಬೇಕಾದ ಅಜ್ಜಿಗೆ ಕನ್ನಡ ಬಾರದು. ಅವರು ಗೌಳಿ ಮಾತಿನಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಬರೆಯಬಹುದೇ? ಅರ್ಜಿದಾರನ ಮಗನೇ ಬರೆದನೆಂದು ಆಕ್ಷೇಪ ಬಂದರೆ?

ನಿವೃತ್ತ ಶಿರಸ್ತೇದಾರ, ವಿಜಯಪುರ

ನೀವು ಬರೆಯಬೇಡಿ. ಊರಿನ ಶಾಲೆಯ ಶಿಕ್ಷಕರೋ ಅಂಗನವಾಡಿಯವರೋ ಬರೆಯಲಿ. ಬರೆದದ್ದನ್ನು ಅಜ್ಜಿಗೆ ಅವರ ಮಾತಿನಲ್ಲಿ ಓದಿ ಹೇಳಲಾಗಿದೆ ಎಂಬ ಒಕ್ಕಣೆ ಕೊನೆಯಲ್ಲಿರಲಿ, ಹೆಬ್ಬೆಟ್ಟಿನ ಪಕ್ಕದಲ್ಲಿ ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ, ಎರಡೂ ಪಂಗಡದಿಂದ ಒಬ್ಬೊಬ್ಬರದಾದರೆ ಇನ್ನೂ ಒಳ್ಳೆಯದು. ಕಟ್ಟೆಯನ್ನು ಖಂಡಿತ ಸೇರಿಸಿ. ಅರಣ್ಯ ಹಕ್ಕು ಸಮಿತಿ ಸ್ಥಳ ಪರಿಶೀಲನೆಗೆ ಬರುವ ದಿನವನ್ನು ಅರಣ್ಯ ಮತ್ತು ಕಂದಾಯ ಇಲಾಖೆಗೆ ಮೊದಲೇ ಲಿಖಿತವಾಗಿ ತಿಳಿಸಿ; ಬಂದ ಅಧಿಕಾರಿಗಳು ಹುದ್ದೆ, ತಾರೀಖು ಸಹಿತ ಮಹಜರಿಗೆ ಸಹಿ ಹಾಕಬೇಕೆಂದು 12ಎ ನಿಯಮವೇ ಹೇಳುತ್ತದೆ. ಮೇಲ್ಮನವಿ ಕೊಟ್ಟ ದಿನವೇ ಸ್ವೀಕೃತಿ ಪಡೆಯಿರಿ. ರಸೀದಿಯ ನಕಲನ್ನು ಮಾತ್ರ ಲಗತ್ತಿಸಿ, ಮೂಲವನ್ನು ವಿಚಾರಣೆಯ ದಿನ ತೋರಿಸಿ ವಾಪಸು ತನ್ನಿ.